ಖಾಲಿ ಬಿಟ್ಟ ಮನೆ

ಐಸ್ ಪ್ಲಾಂಟು ಮುಚ್ಚಿದ ಮೇಲೆ ಅದರ ಲೆಕ್ಕದ ಕೋಣೆ
ನಮಗೆ ಸಿಕ್ಕಿತು. ನಾಲ್ಕು ಕಂಪ್ಯೂಟರು,
ಒಂದಕ್ಕೆ ಇಲಿ ಕಡಿದ ವಯರು,
ಗೋಡೆಯಲ್ಲಿ ಇನ್ನೂ ಬಂಗುಡೆಯ ವಾಸನೆ.
ಬಂದರಿನಿಂದ ದೋಣಿ ಹತ್ತಿ ಬಂದವರು
ಬೋರ್ಡು ಓದಿ ನಗುತ್ತಾರೆ: ಬೆಂಗ್ರೆ ಬಾವಿ ಲೆಕ್ಕ ಕೇಂದ್ರ.
ನಗಲಿ. ಹೆಸರಿಟ್ಟವರು ನಾವು.

ಬೀಡಿ ಕಟ್ಟುವ ಬೆರಳಿಗೆ ಎಣಿಕೆ ಕಲಿಸಬೇಕಿಲ್ಲ.
ಇಪ್ಪತ್ತೈದಕ್ಕೊಂದು ಕಟ್ಟು, ಸಾವಿರಕ್ಕೆ ಮಜೂರಿ,
ಇಪ್ಪತ್ತು ವರ್ಷ ಎಣಿಸಿದ್ದೇನೆ ಬೇರೆಯವರ ಪುಸ್ತಕಕ್ಕೆ.
ಈಗ ಎಣಿಸುವುದು ನೂರ ಹದಿಮೂರು ಬಾವಿ,
ಅಮಾಸೆಗೊಮ್ಮೆ, ಹುಣ್ಣಿಮೆಗೊಮ್ಮೆ,
ಪೆನ್ನಿನಂಥ ಮೀಟರು ಮುಳುಗಿಸಿ,
ಅತ್ತ ಕಡಲು ಇತ್ತ ಹೊಳೆ, ಈ ಮರಳ ನಾಲಿಗೆಯೊಳಗೆ
ಉಪ್ಪು ಎಷ್ಟು ದೂರ ನಡೆದು ಬಂತೆಂದು.

ಕಾಲೇಜಿನವರು ಮೊದಲು ತಂದ ಫಾರಮ್ಮಿನಲ್ಲಿ
ಹೌದು, ಇಲ್ಲ, ಎರಡೇ.
ಜುಲೈಕಾ ಕೇಳಿದಳು: ನಡುವಿನದ್ದು ಎಲ್ಲಿ ಬರೆಯುವುದು?
ಗಂಜಿಗೆ ಆಗುತ್ತದೆ, ಚಹಾಕ್ಕೆ ಹಾಕಿದರೆ ಹಾಲು ಒಡೆಯುತ್ತದೆ,
ಅದು ಹೌದೋ ಇಲ್ಲವೋ?
ನೊರೆ ಬರದ ನೀರು? ಕೂದಲು ಹಗ್ಗವಾಗುವ ನೀರು?
ಫಾರಮ್ಮು ಹರಿದೆವು. ಅಲ್ಲ, ಹರಿಯಲಿಲ್ಲ,
ಕಾಗದಕ್ಕೂ ದುಡ್ಡು; ಹಿಂಬದಿಯಲ್ಲಿ ಹೊಸ ಗೆರೆ ಎಳೆದೆವು.
ಮೀಟರು ಹೇಳಿದ್ದು ಒಂದು ಸಾಲು,
ಬಾಯಿ ಹೇಳಿದ್ದು ಇನ್ನೊಂದು.

ಬಾಯಿ ತುಳುವಿನಲ್ಲಿ ಹೇಳಿತು, ಬ್ಯಾರಿಯಲ್ಲಿ ಹೇಳಿತು,
ಸಿಸಿಲಿಯಾ ಬಾಯಿಯದು ಕೊಂಕಣಿ, ಅದೂ ಮೂಗಿನಲ್ಲಿ.
ದತ್ತಾಂಶ ಎಂದರು ಮೇಡಮ್ಮು.
ದತ್ತು ಕೊಟ್ಟ ಅಂಶವಾ? ಎಂದಳು ಜುಲೈಕಾ,
ಕೊಟ್ಟ ಮೇಲೆ ಒಮ್ಮೆಯಾದರೂ ತವರಿಗೆ ಬರುತ್ತದಾ?
ಆ ದಿನವೇ ಪಾಸ್‌ವರ್ಡನ್ನು ಮೂರು ತುಂಡು ಮಾಡಿ ಹಂಚಿಕೊಂಡೆವು.
ರೆಸಾರ್ಟಿಗೆ ಜಾಗ ನೋಡುವವನೊಬ್ಬ ನಕ್ಷೆ ಕೇಳಿ ಬಂದಾಗ
ಸಿಸಿಲಿಯಾ ಬಾಯಿಗೆ ತನ್ನ ತುಂಡು ಮರೆತೇ ಹೋಗಿತ್ತು.

ನೌಫಲನಿಗೆ ಹುಟ್ಟಿನಿಂದ ಕಣ್ಣಿಲ್ಲ.
ಕಂಪ್ಯೂಟರು ಅವನಿಗೆ ಅಂಕಿ ಓದಿ ಹೇಳುತ್ತದೆ,
ಎಷ್ಟು ಬೇಗವೆಂದರೆ, ನಮಗದು
ಕಾದ ಎಣ್ಣೆಗೆ ಮೀನು ಬಿದ್ದ ಸದ್ದು.
ಒಂದು ಸಂಜೆ ಕೈ ಎತ್ತಿ ನಿಲ್ಲಿಸಿದ:
ಇಲ್ಲಿ ಸ್ವರ ಏರುತ್ತದೆ, ಎಪ್ಪತ್ತರಿಂದ ತೊಂಬತ್ತರವರೆಗೆ,
ಪ್ರತಿ ಅಮಾಸೆ.
ಹುಡುಕಿದೆವು. ಮರಳು ತೆಗೆದ ದಂಡೆಯ ಉದ್ದಕ್ಕೂ
ಸಾಲಾಗಿ ಇಪ್ಪತ್ತೊಂದು ಬಾವಿ.
ಕಣ್ಣಿದ್ದ ನಾವು ದಿನಾ ಅಲ್ಲೇ ನಡೆದಾಡಿದ್ದೆವು.

ಅವ್ವಮ್ಮನ ಬಾವಿ ಎಂಬತ್ತೆರಡು.
ಮೀಟರು ಹೇಳಿತು ಎರಡು ಸಾವಿರದ ನಾನೂರು.
ಅವ್ವಮ್ಮ ಚೊಂಬೆತ್ತಿ ಕುಡಿದು, ತುಟಿ ಒರೆಸಿ, ಸಿಹಿ ಎಂದಳು.
ಇನ್ನೊಮ್ಮೆ ಕುಡಿದಳು. ಸಿಹಿಯೇ ಮೋಳೆ, ಬರಿ.
ನಾನೂ ಒಂದು ಗುಟುಕು ಬಾಯಿಗೆ ಹಾಕಿ
ಅವಳೆದುರು ಉಗುಳಲಾಗದೆ ನುಂಗಿದೆ.
ಯಾವ ವರ್ಷ ಆ ನಾಲಿಗೆ
ಉಪ್ಪನ್ನು ಮನೆಯವನೆಂದು ಒಪ್ಪಿಕೊಂಡಿತೋ.
ತಿದ್ದೋಣ ಎಂದರು ಮೇಡಮ್ಮು. ತಿದ್ದಲಿಲ್ಲ.
ಎರಡೂ ಇವೆ, ಅಕ್ಕಪಕ್ಕ.
ಕಚೇರಿಯಲ್ಲಿ ಸಾಹೇಬರು ಅದರ ಮೇಲೆ ಬೆರಳಿಟ್ಟು
ಇದು ತಪ್ಪಲ್ಲವೇ? ಎಂದರು.
ಅಲ್ಲ ಸರ್, ಎಂದೆ. ಧ್ವನಿ ನಡುಗಿತು, ಆದರೂ ಎಂದೆ.

ಪರದೆಯ ಚೌಕಕ್ಕೆ ನಾವು ಮನೆ ಎನ್ನುತ್ತೇವೆ,
ಚೆನ್ನೆಮಣೆಯಲ್ಲಿ ಅಂದ ಹಾಗೆ;
ಬಾವಿಗೊಂದು ಮನೆ, ಕಾಯಿ ಹಾಕುತ್ತ ಹೋದಂತೆ ಅಂಕಿ.
ನೂರ ಹನ್ನೆರಡು ತುಂಬಿವೆ.
ಉಳಿದ ಒಂದು ಮನೆ, ನಮ್ಮ ಮನೆಯದು.
ತಮ್ಮ ಯತೀಶನಿಗೆ ಹೆಣ್ಣು ನೋಡುತ್ತಿದ್ದೇವೆ.
ಉಪ್ಪು ನೀರಿನ ಮನೆಗೆ ಯಾರು ಹೆಣ್ಣು ಕೊಡುತ್ತಾರೆ?

ಪ್ರತಿ ಸಲ ಕಂಪ್ಯೂಟರು ಅಲ್ಲಿಗೆ ಬಂದು ಖಾಲಿ ಎನ್ನುತ್ತದೆ.
ನೌಫಲ ನನ್ನ ಕಡೆ ಮುಖ ತಿರುಗಿಸುತ್ತಾನೆ.
ಏನೂ ಕೇಳುವುದಿಲ್ಲ.

ಈ ಸಲದ ಅಮಾಸೆ ಶುಕ್ರವಾರ.
ಮೀಟರು ಮನೆಗೆ ತಂದಿದ್ದೇನೆ,
ಬೀಡಿಯ ತಡ್ಪೆಯಲ್ಲಿದೆ, ಎಲೆಯ ಕೆಳಗೆ.